ತರಕಾರಿ ಉಣ್ಣಿ, ಸಾರು ಉಳಿಸಿ

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ನಿಮಗೆ ಗೊತ್ತೇ ಇದೆ. ಆದರೆ ಊಟದ ಪದ್ಧತಿಯೇ ಬೇರೆಯಾದ ದೇಶಕ್ಕೆ ಹೋದಾಗ ಊಟ ಬಲ್ಲವರೂ ತಡವರಿಸುವುದುಂಟು. ಓದಿಗೆಂದೋ, ಸಂಶೋಧನೆಗೆಂದೋ, ಕಂಪನಿ ಕೆಲಸಕ್ಕೆಂದೋ ದಕ್ಷಿಣ ಕೊರಿಯಾದಲ್ಲಿ ನೆಲೆಸಿರುವ ಕನ್ನಡದ ಹುಡುಗ ಹುಡುಗಿಯರಿದ್ದಾರೆ. ಅವರನ್ನು ನೋಡಲು ಹೊರಡುವ ಅಪ್ಪ ಅಮ್ಮಂದಿರೂ ಇದ್ದಾರೆ. ಅಂಥವರಲ್ಲಿ ಕೆಲವರ ಕೈಚೀಲದಲ್ಲಿ ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಇದ್ದೇ ಇರುತ್ತದೆ. ದಿನವೂ ದೊಡ್ಡ ಹೋಟೆಲಿಗೆ ಹೋದರೆ ಜೇಬು ಬರಿದಾಗುತ್ತದೆ. ಮೂರು ಹೊತ್ತೂ ಬ್ರೆಡ್ಡು ತಿಂದರೆ ಹೊಟ್ಟೆ ಕೆಡುತ್ತದೆ. ಹಾಗಾದರೆ ಊಟಕ್ಕೆ ಏನು ಮಾಡುವುದು?

ಉತ್ತರ ಬೀದಿ ತಿರುವಿನಲ್ಲೇ ಇದೆ. ಗಂಡ ಹೆಂಡತಿ, ಅಥವಾ ತಾಯಿ ಮಗಳು ಸೇರಿ ನಡೆಸುವ ಪುಟ್ಟ ಊಟದ ಮನೆಗಳು ಕೊರಿಯಾದ ಊರೂರಿನಲ್ಲೂ ಇವೆ. ಇವುಗಳಿಗೆ ಅಲ್ಲಿ 'ಶಿಕ್‌ತಾಂಗ್' ಎನ್ನುತ್ತಾರೆ. ಈ ಊಟ ಅಗ್ಗ, ಬಿಸಿ, ತರಕಾರಿ ತುಂಬಿದ್ದು. ಆದರೆ ಉಣ್ಣುವ ಕ್ರಮ ತಿಳಿಯದಿದ್ದರೆ ಇದೇ ಊಟ ನಿಮ್ಮ ರಕ್ತದೊತ್ತಡವನ್ನು ಏರಿಸಬಲ್ಲದು.

ಖಾನಾವಳಿಯ ತಮ್ಮ

ನೀವು ಹುಬ್ಬಳ್ಳಿ, ವಿಜಯಪುರದ ಕಡೆಯ ಖಾನಾವಳಿಯಲ್ಲಿ ಉಂಡಿದ್ದರೆ ಶಿಕ್‌ತಾಂಗ್ ಹೊಸದೆನಿಸದು. ನಾಲ್ಕಾರು ಮೇಜು, ಗೋಡೆಯ ಮೇಲೆ ಹತ್ತು ಹನ್ನೆರಡು ತಿನಿಸುಗಳ ಪಟ್ಟಿ, ಒಳಗಿನಿಂದ ಬರುವ ಬೆಳ್ಳುಳ್ಳಿಯ ವಾಸನೆ. ಅಡುಗೆ ಮಾಡುವಾಕೆಯನ್ನು ಗಿರಾಕಿಗಳು 'ಇಮೊ' ಎಂದು ಕೂಗುವುದುಂಟು. ಇಮೊ ಎಂದರೆ ತಾಯಿಯ ಅಕ್ಕ ಅಥವಾ ತಂಗಿ. ನಮ್ಮಲ್ಲಿ 'ಅಕ್ಕಾ, ಸ್ವಲ್ಪ ಪಲ್ಯ ಹಾಕಿ' ಎಂದಂತೆಯೇ.

ಇಲ್ಲಿನ ಸಾಮಾನ್ಯ ಊಟಕ್ಕೆ 'ಪೆಕ್‌ಬಾನ್' ಎಂದು ಹೆಸರು. ಅಕ್ಷರಶಃ ಅರ್ಥ 'ಬಿಳಿ ಅನ್ನ'. ಒಂದು ಬಟ್ಟಲು ಅನ್ನ, ಒಂದು ಸಾರು, ಜೊತೆಗೆ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ನಾಲ್ಕರಿಂದ ಎಂಟು ಬಗೆಯ ವ್ಯಂಜನ. ಈ ವ್ಯಂಜನಗಳಿಗೆ 'ಪಾಂಚಾನ್' ಎನ್ನುತ್ತಾರೆ. ಇವಕ್ಕೆ ಬೇರೆ ದುಡ್ಡಿಲ್ಲ. ಮುಗಿದರೆ ಸಾಮಾನ್ಯವಾಗಿ ಮತ್ತೆ ಕೊಡುತ್ತಾರೆ. ಇಡೀ ಊಟಕ್ಕೆ ಸುಮಾರು ಎಂಟರಿಂದ ಹತ್ತು ಸಾವಿರ ವೊನ್, ಅಂದರೆ ನಮ್ಮ ಐನೂರು ಆರುನೂರು ರೂಪಾಯಿ. ನಮಗೆ ಹೆಚ್ಚೆನಿಸಿದರೂ ಆ ದೇಶದ ಲೆಕ್ಕಕ್ಕೆ ಇದು ಅಗ್ಗ. ಟಿಪ್ಸ್ ಕೊಡುವ ಪದ್ಧತಿಯೂ ಇಲ್ಲ.

ಅಗ್ಗವಾಗಲು ಕಾರಣ ಸರಳ. ಮನೆಯವರೇ ದುಡಿಯುತ್ತಾರೆ, ತಿನಿಸಿನ ಪಟ್ಟಿ ಚಿಕ್ಕದು, ವ್ಯಂಜನಗಳನ್ನು ಬೆಳಿಗ್ಗೆಯೇ ಒಟ್ಟಿಗೆ ಮಾಡಿಡುತ್ತಾರೆ, ನೀರನ್ನು ಅನೇಕ ಕಡೆ ನೀವೇ ತಂದುಕೊಳ್ಳಬೇಕು. ಟ್ಯಾಕ್ಸಿ ಚಾಲಕರು ಉಣ್ಣುವ 'ಕಿಸಾ ಶಿಕ್‌ತಾಂಗ್'ಗಳಿಗೂ ಇದೇ ಕಾರಣಕ್ಕೆ ಒಳ್ಳೆಯ ಹೆಸರಿದೆ. ದಿನವೂ ಬರುವ ಗಿರಾಕಿ ಇರುವಲ್ಲಿ ಅಡುಗೆ ಹಳಸುವುದಿಲ್ಲ ಎಂಬ ಮಾತು ಅಲ್ಲಿಗೂ ಸಲ್ಲುತ್ತದೆ.

ಮೇಜಿನ ಮೇಲಿನ ಒಳ್ಳೆಯದು

ಮೊದಲು ಗುಣವನ್ನೇ ನೋಡೋಣ. ಪಾಂಚಾನ್‌ಗಳಲ್ಲಿ ಹೆಚ್ಚಿನವು ತರಕಾರಿ, ಸೊಪ್ಪು. ಮೊಳಕೆ ಬರಿಸಿದ ಸೋಯಾ ಕಾಳು, ಪಾಲಕ್, ಬದನೆ, ಎಳೆಗುಂಬಳ, ಮೂಲಂಗಿ ಇವನ್ನು ಬಿಸಿನೀರಿನಲ್ಲಿ ಬಾಡಿಸಿ, ಎರಡು ತೊಟ್ಟು ಎಳ್ಳೆಣ್ಣೆ, ಬೆಳ್ಳುಳ್ಳಿ ಹಾಕಿ ಕಲಸುತ್ತಾರೆ. ಇದು 'ನಾಮುಲ್'. ನಮ್ಮ ಪಲ್ಯಕ್ಕೆ ಬೀಳುವಷ್ಟು ಎಣ್ಣೆ ಇದಕ್ಕೆ ಬೇಕಿಲ್ಲ. ತೋಫು, ಮೊಟ್ಟೆ, ಸುಟ್ಟ ಮೀನಿನಿಂದ ಪ್ರೋಟೀನು ದೊರೆಯುತ್ತದೆ.

ಅನ್ನದ ಪ್ರಮಾಣವೂ ಮಿತವಾದದ್ದು. ಮುಚ್ಚಳವಿರುವ ಆ ಚಿಕ್ಕ ಸ್ಟೀಲ್ ಬಟ್ಟಲಿಗೆ ಒಂದು ಕಥೆಯಿದೆ. 1970ರ ದಶಕದಲ್ಲಿ ಕೊರಿಯಾದಲ್ಲಿ ಅಕ್ಕಿಯ ಕೊರತೆಯಿತ್ತು. ಅಕ್ಕಿ ಉಳಿಸಲೆಂದು 1976ರಲ್ಲಿ ಸೋಲ್ ನಗರದ ಆಡಳಿತ ಹೋಟೆಲುಗಳ ಅನ್ನದ ಬಟ್ಟಲಿಗೆ ಅಳತೆ ಗೊತ್ತುಮಾಡಿತು: ಅಗಲ 10.5 ಸೆಂಟಿಮೀಟರ್, ಎತ್ತರ 6 ಸೆಂಟಿಮೀಟರ್. ಕೊರತೆ ಹೋಯಿತು, ಬಟ್ಟಲು ಉಳಿಯಿತು. ಇಂದು ಅದರಲ್ಲಿ ಬರುವ ಅನ್ನ ಸುಮಾರು 200 ಗ್ರಾಂ, ಅಂದರೆ ಸುಮಾರು 300 ಕ್ಯಾಲರಿ. ಸಕ್ಕರೆ ಕಾಯಿಲೆಯವರಿಗೆ ಇದೊಂದು ಸಿದ್ಧ ಅಳತೆ. ಎರಡನೆಯ ಬಟ್ಟಲು ತರಿಸದಿದ್ದರೆ ಸಾಕು.

ಬಾರ್ಲಿ ಬೆರೆಸಿದ ಅನ್ನ 'ಬೋರಿಬಾಪ್' ಸಿಕ್ಕರೆ ಇನ್ನೂ ಒಳ್ಳೆಯದು. ಹಿಂದೆ ಇದು ಬಡವರ ಊಟ. ಭತ್ತ ಮುಗಿದು ಬಾರ್ಲಿ ಕೊಯ್ಲಿಗೆ ಬರುವವರೆಗಿನ ವಸಂತದ ಹಸಿವಿಗೆ ಕೊರಿಯನ್ನರು 'ಬಾರ್ಲಿಯ ದಿಬ್ಬ' ಎಂದೇ ಹೆಸರಿಟ್ಟಿದ್ದರು. ನಮ್ಮ ರಾಗಿಯಂತೆ ಬಾರ್ಲಿಯೂ ಈಗ ಆರೋಗ್ಯದ ಹೆಸರಿನಲ್ಲಿ ಮರಳಿ ಬಂದಿದೆ. ನಾರು ಹೆಚ್ಚಿರುವುದರಿಂದ ರಕ್ತದಲ್ಲಿ ಸಕ್ಕರೆ ಏರುವುದು ನಿಧಾನವಾಗುತ್ತದೆ.

ಉಪ್ಪು ಎಲ್ಲಿದೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ದಿನಕ್ಕೆ 5 ಗ್ರಾಂ ಉಪ್ಪನ್ನು, ಅಂದರೆ 2,000 ಮಿಲಿಗ್ರಾಂ ಸೋಡಿಯಂ ಅನ್ನು ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಣ್ಣಿನ ಪಾತ್ರೆಯಲ್ಲಿ ಕೊತಕೊತ ಕುದಿಯುತ್ತಾ ಬರುವ 'ಚಿಗೆ' ಎಂಬ ಗಟ್ಟಿ ಸಾರಿನ ಒಂದು ಪಾಲಿನಲ್ಲೇ ಸೋಡಿಯಂ 2,000 ಮಿಲಿಗ್ರಾಂ ಹತ್ತಿರಕ್ಕೆ ಹೋಗಬಹುದು. ಅಂದರೆ ಇಡೀ ದಿನದ ಉಪ್ಪು ಒಂದೇ ಪಾತ್ರೆಯಲ್ಲಿ! ಇದರ ಮೇಲೆ ಕಿಮ್ಚಿ. ಕಿಮ್ಚಿಯ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದೂವರೆಯಿಂದ ಎರಡೂವರೆ ಪಾಲು ಉಪ್ಪು. ಒಂದು ಚಿಕ್ಕ ತಟ್ಟೆ, 50 ಗ್ರಾಂ ತಿಂದರೆ ಸುಮಾರು ಒಂದು ಗ್ರಾಂ ಉಪ್ಪು ಹೊಟ್ಟೆ ಸೇರಿತು.

ಇಲ್ಲಿ ಕನ್ನಡಿಗರಿಗೆ ವಿಶೇಷ ಅಪಾಯವಿದೆ. ನಮಗೆ ಅನ್ನದ ಮೇಲೆ ಸಾರು ಸುರಿದು ಕಲಸಿ ಉಣ್ಣುವ ರೂಢಿ. ಚಿಗೆಯನ್ನೂ ಸಾರೆಂದೇ ತಿಳಿದು ಅನ್ನಕ್ಕೆ ಪೂರ್ತಿ ಸುರಿದುಕೊಳ್ಳುತ್ತೇವೆ. ತಟ್ಟೆಯಲ್ಲಿ ಬಿಡಬಾರದು ಎಂಬ ಸಂಸ್ಕಾರ ಬೇರೆ! ಉಪ್ಪು ಇರುವುದು ಮುಖ್ಯವಾಗಿ ಆ ನೀರಿನಲ್ಲೇ. ಆದ್ದರಿಂದ ಚಿಗೆಯೊಳಗಿನ ತೋಫು, ತರಕಾರಿ ಹೋಳುಗಳನ್ನು ಚಮಚದಿಂದ ಎತ್ತಿ ತಿನ್ನಿ. ರುಚಿಗೆ ನಾಲ್ಕಾರು ಚಮಚ ಸಾರು ಸಾಕು. ಉಳಿದದ್ದನ್ನು ಹಾಗೆಯೇ ಬಿಡಿ. ಇದರಿಂದ ಯಾರಿಗೂ ಅವಮಾನವಿಲ್ಲ.

ಕೊರಿಯನ್ನರೂ ಈ ಪಾಠ ಕಲಿತವರೇ. 2010ರ ಸುಮಾರಿಗೆ ಅಲ್ಲಿ ಒಬ್ಬರ ದಿನದ ಸರಾಸರಿ ಸೋಡಿಯಂ ಸುಮಾರು 4,800 ಮಿಲಿಗ್ರಾಂ ಇತ್ತು. ಸರಕಾರ ದೊಡ್ಡ ಪ್ರಮಾಣದಲ್ಲಿ ತಿಳಿವಳಿಕೆ ಕಾರ್ಯ ಕೈಗೊಂಡಿತು. 2020ರ ಹೊತ್ತಿಗೆ ಅದು 3,200ರ ಆಸುಪಾಸಿಗೆ ಇಳಿಯಿತು. ಇನ್ನೂ ಹೆಚ್ಚೇ; ಆದರೆ ಇಡೀ ದೇಶದ ನಾಲಿಗೆ ಹತ್ತು ವರ್ಷದಲ್ಲಿ ಬದಲಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಉಪ್ಪಿನಕಾಯಿ, ಹಪ್ಪಳ ಬಿಡಲಾರೆವೆನ್ನುವ ನಾವು ಇದನ್ನು ಗಮನಿಸಬೇಕು.

ಕಿಮ್ಚಿ: ಅಮೃತವೂ ಅಲ್ಲ, ವಿಷವೂ ಅಲ್ಲ

ಎಲೆಕೋಸು, ಮೂಲಂಗಿಯನ್ನು ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿ ಹಚ್ಚಿ ಹುದುಗಿಸಿದ್ದೇ ಕಿಮ್ಚಿ. ಮನೆಮಂದಿ, ನೆರೆಹೊರೆಯವರು ಕೂಡಿ ಚಳಿಗಾಲಕ್ಕೆ ಕಿಮ್ಚಿ ಹಾಕುವ 'ಕಿಮ್‌ಜಾಂಗ್' ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಕೆಂಪು ಬಣ್ಣ ನೋಡಿ ಹೆದರಬೇಡಿ. ನಮ್ಮ ಬ್ಯಾಡಗಿಯಂತೆ ಆ ಮೆಣಸಿನಕಾಯಿಯಲ್ಲೂ ಬಣ್ಣ ಹೆಚ್ಚು, ಖಾರ ಕಡಿಮೆ.

ಬೇಯಿಸದ ಕಿಮ್ಚಿಯಲ್ಲಿ ಮೊಸರಿನಲ್ಲಿರುವ ಬಗೆಯ ಲ್ಯಾಕ್ಟಿಕ್ ಆಮ್ಲದ ಜೀವಾಣುಗಳಿವೆ; ನಾರು, ಜೀವಸತ್ವಗಳೂ ಇವೆ. ಆದರೆ ಉಪ್ಪಿನಲ್ಲಿ ಕಾಪಿಟ್ಟ ಆಹಾರದ ಅತಿ ಸೇವನೆಗೂ ಜಠರದ ಕ್ಯಾನ್ಸರಿಗೂ ನಂಟಿದೆ. ಈ ಕಾಯಿಲೆ ಹೆಚ್ಚಿರುವ ದೇಶಗಳ ಸಾಲಿನಲ್ಲಿ ಕೊರಿಯಾ ಇದೆ. ನಲವತ್ತು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಜಠರ ತಪಾಸಣೆಯ ವ್ಯವಸ್ಥೆಯನ್ನು ಅಲ್ಲಿನ ಸರಕಾರವೇ ಮಾಡಿದೆ. ಉಪ್ಪೊಂದೇ ಕಾರಣವಲ್ಲ; ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವಿನ ಪಾತ್ರ ದೊಡ್ಡದು. ಆದ್ದರಿಂದ ಕಿಮ್ಚಿಯನ್ನು ಉಪ್ಪಿನಕಾಯಿಯಂತೆ ನಂಚಿಕೊಳ್ಳಿ, ಪಲ್ಯದಂತೆ ಬಡಿಸಿಕೊಳ್ಳಬೇಡಿ.

ಸಸ್ಯಾಹಾರಿಗಳೇ, ಕೇಳಿ ತಿಳಿಯಿರಿ

ನೋಡಲು ಬರಿಯ ತರಕಾರಿ ಎನಿಸಿದ್ದೆಲ್ಲ ಸಸ್ಯಾಹಾರವಲ್ಲ. ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪು ಹಾಕಿದ ಸಿಗಡಿ ಅಥವಾ ಮೀನಿನ ರಸ ಬೆರೆಸಿರುತ್ತಾರೆ. ಸೋಯಾ ಹಿಟ್ಟಿನ ಸಾರಿಗೂ ಒಣಮೀನಿನ ಕಷಾಯವೇ ಆಧಾರ. ಅನ್ನ, ತರಕಾರಿ ಕಲಸುವ 'ಬಿಬಿಂಬಾಪ್'ನಲ್ಲಿ ಮಾಂಸ, ಮೊಟ್ಟೆ ಇರಬಹುದು. 'ಕೊಗಿ ಪೆ ಜುಸೆಯೊ' ಎಂದರೆ 'ಮಾಂಸ ತೆಗೆದು ಕೊಡಿ' ಎಂದರ್ಥ. ಆದರೆ ಕೊಗಿ ಎಂಬ ಮಾತಿಗೆ ಮೀನು, ಸಿಗಡಿ ಸೇರುವುದಿಲ್ಲವೆಂದು ತಿಳಿಯುವವರೇ ಹೆಚ್ಚು. ಅವನ್ನು ಬೇರೆಯಾಗಿಯೇ ಹೇಳಬೇಕು. ಮಗನಿಂದಲೋ ಮಗಳಿಂದಲೋ ಒಂದು ಚೀಟಿ ಬರೆಸಿ ಜೇಬಿನಲ್ಲಿಟ್ಟುಕೊಳ್ಳುವುದು ಸುಲಭದ ದಾರಿ. ಬೇಸಿಗೆಯಲ್ಲಿ ಸಿಗುವ 'ಕೊಂಗುಕ್ಸು', ಅಂದರೆ ತಣ್ಣನೆಯ ಸೋಯಾ ಹಾಲಿನಲ್ಲಿ ಹಾಕಿದ ಶ್ಯಾವಿಗೆ, ಸಾಮಾನ್ಯವಾಗಿ ಸಸ್ಯಾಹಾರವೇ. ಅದಕ್ಕೆ ಉಪ್ಪನ್ನು ನೀವೇ ಹಾಕಿಕೊಳ್ಳಬಹುದೆಂಬುದು ಇನ್ನೊಂದು ಲಾಭ. ಬೌದ್ಧ ವಿಹಾರಗಳ ಅಡುಗೆಯಲ್ಲಿ ಮಾಂಸ ಮೀನು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಆದರೆ ವಿಹಾರದ ಅಡುಗೆ ಬಡಿಸುವ ಹೋಟೆಲುಗಳು ಅಷ್ಟು ಅಗ್ಗವಲ್ಲ.

ಯಾರಿಗೆ ಹೆಚ್ಚಿನ ಎಚ್ಚರ?

* ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸೆನೊಕುಮರಾಲ್ ಮಾತ್ರೆ ನುಂಗುವವರು ಹಸಿರು ಸೊಪ್ಪನ್ನು ದಿನವೂ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ಹುದುಗಿಸಿದ ಸೋಯಾದ 'ಚೊಂಗುಕ್‌ಜಾಂಗ್' ಸಾರು ಬೇಡ. ಅದರಲ್ಲಿರುವ ವಿಟಮಿನ್ ಕೆ ಮಾತ್ರೆಯ ಪ್ರಭಾವವನ್ನು ತಗ್ಗಿಸುತ್ತದೆ.

* ಥೈರಾಯ್ಡ್ ತೊಂದರೆಯವರು ಕಡಲಪಾಚಿಯ ಸಾರನ್ನು ಪದೇ ಪದೇ ಕುಡಿಯಬಾರದು. ಬಾಣಂತಿಗೆ, ಹುಟ್ಟುಹಬ್ಬಕ್ಕೆ ಕೊಡುವ ಈ 'ಮಿಯೊಕ್' ಸಾರಿನಲ್ಲಿ ಅಯೋಡಿನ್ ಬಹಳ.

* ಮೂತ್ರಪಿಂಡದ ಕಾಯಿಲೆಯವರಿಗೆ ಉಪ್ಪು, ಪೊಟ್ಯಾಸಿಯಂ ಎರಡರ ಲೆಕ್ಕವೂ ಮುಖ್ಯ. ಹೊರಡುವ ಮುನ್ನ ವೈದ್ಯರೊಡನೆ ಮಾತನಾಡಿ.

* ಸಿಗಡಿ, ಎಳ್ಳು, ಸೋಯಾ, ಗೋಧಿ ಇವುಗಳ ಅಲರ್ಜಿ ಇದ್ದವರು ಕೇಳದೆ ಏನನ್ನೂ ಬಾಯಿಗಿಡಬೇಡಿ. ಸೋಯಾ ಸಾಸಿನಲ್ಲೂ ಮೆಣಸಿನ ಹಿಟ್ಟಿನಲ್ಲೂ ಗೋಧಿ ಇರುವುದುಂಟು.

* ಗರ್ಭಿಣಿಯರು, ವೃದ್ಧರು, ಯಕೃತ್ತಿನ ಕಾಯಿಲೆಯವರು ಹಸಿ ಏಡಿ, ಹಸಿ ಚಿಪ್ಪುಮೀನು ಮುಟ್ಟಬಾರದು. 2019ರಲ್ಲಿ ಕೊರಿಯಾದಲ್ಲಿ ಹರಡಿದ ಹೆಪಟೈಟಿಸ್ 'ಎ' ಕಾಮಾಲೆಗೆ ಉಪ್ಪು ಹಾಕಿದ ಹಸಿ ಚಿಪ್ಪುಮೀನೇ ಮುಖ್ಯ ಕಾರಣವೆಂದು ಅಲ್ಲಿನ ಆರೋಗ್ಯ ಇಲಾಖೆ ಕಂಡುಕೊಂಡಿತು.

ಕುಳಿತು ಉಣ್ಣುವ ಕ್ರಮ

ಚಿಗೆ ಬಂದ ಕೂಡಲೇ ಬಾಯಿಗಿಡಬೇಡಿ. ಮಣ್ಣಿನ ಪಾತ್ರೆ ಬೇಗ ಆರುವುದಿಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯದ ನಿತ್ಯ ಸೇವನೆ ಅನ್ನನಾಳಕ್ಕೆ ಕೆಟ್ಟದ್ದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಎಚ್ಚರಿಸಿದೆ. ಆರುವ ತನಕ ನಾಮುಲ್ ತಿನ್ನಿ. ಮೊದಲು ತರಕಾರಿ, ನಂತರ ತೋಫು ಅಥವಾ ಮೊಟ್ಟೆ, ಕೊನೆಗೆ ಅನ್ನ. ಸಕ್ಕರೆ ಕಾಯಿಲೆಯವರಿಗೆ ಈ ಕ್ರಮವೇ ಹಿತ.

ಒಂದೇ ಪಾತ್ರೆಗೆ ಎಲ್ಲರೂ ಚಮಚ ಅದ್ದುವುದು ಹಳೆಯ ರೂಢಿ. ಎಂಜಲಿನ ಮಡಿವಂತಿಕೆ ಇಲ್ಲಿ ಆರೋಗ್ಯಕ್ಕೂ ಒಳ್ಳೆಯದೇ. 'ಅಪ್‌ಚೊಪ್ಶಿ' ಎಂದು ಕೇಳಿ, ಬೇರೆ ತಟ್ಟೆ ಕೊಡುತ್ತಾರೆ. ಉಪ್ಪು ಕಡಿಮೆ ಬೇಕಿದ್ದರೆ 'ಸಿಂಗೊಪ್ಕೆ ಹೆ ಜುಸೆಯೊ' ಎನ್ನಿ. ಮನೆಯವರೇ ಅಡುಗೆ ಮಾಡುವ ಕಡೆ ಈ ಮಾತು ನೇರವಾಗಿ ಒಲೆಯ ಬಳಿಗೇ ಮುಟ್ಟುತ್ತದೆ. ಎಲ್ಲೋ ಮಾಡಿಸಿ ತಂದು ಬಿಸಿಮಾಡಿ ಬಡಿಸುವ ದೊಡ್ಡ ಹೋಟೆಲಿನಲ್ಲಿ ಈ ಅನುಕೂಲ ಸಿಗದು.

ಕೊರಿಯಾಕ್ಕೆ ಹೋಗದವರಿಗೂ ಇಲ್ಲೊಂದು ಪಾಠವಿದೆ. ಒಂದು ಅಳತೆಯ ಅನ್ನ, ಅದರ ಸುತ್ತ ನಾಲ್ಕು ಬಗೆಯ ತರಕಾರಿ, ಮಿತವಾದ ಎಣ್ಣೆ. ನಮ್ಮ ಅಡುಗೆಮನೆಯಲ್ಲೂ ಇದು ಸಾಧ್ಯ. ಅನ್ನ ಸಾರು ಮುಖ್ಯ, ಪಲ್ಯ ನೆಪಕ್ಕೆ ಎಂಬ ಕ್ರಮವನ್ನು ತಿರುವಿಹಾಕಿದರೆ ಸಾಕು.

ಹೋಗುವವರು ಮಾತ್ರೆ ತಪ್ಪಿಸಬೇಡಿ, ನೀರು ಧಾರಾಳವಾಗಿ ಕುಡಿಯಿರಿ. ಮೇಜಿನಿಂದ ಏಳುವಾಗ ಅಲ್ಲಿಯವರು 'ಚಾಲ್ ಮೊಗೊಸ್ಸುಮ್ನಿದಾ', 'ಚೆನ್ನಾಗಿ ಉಂಡೆ' ಎಂದು ಹೇಳುತ್ತಾರೆ. ನೀವೂ ಹೇಳಿ. ಪಾತ್ರೆಯಲ್ಲಿ ಅರ್ಧ ಸಾರು ಉಳಿದಿದ್ದರೂ ಆ ಮಾತು ಸುಳ್ಳಾಗುವುದಿಲ್ಲ.