ವೋಟು ಕೇಳಲು ಬಂದವರಿಗೆ ರಸ್ತೆ, ಚರಂಡಿ ಜೊತೆ ಇದನ್ನೂ ಕೇಳಿ: ಗೂಂಡಾ ಕಾಯ್ದೆ, 144, ಇಂಟರ್‌ನೆಟ್ ಬಂದ್ ಬಗ್ಗೆ ನಿಮ್ಮ ನಿಲುವೇನು?

ಚುನಾವಣೆ ಬಂತೆಂದರೆ ಅಂಗಡಿ ಬಾಗಿಲಿಗೆ ಕೈ ಮುಗಿದುಕೊಂಡು ಬರುವವರಿಗೆ ಕೊರತೆ ಇರಲ್ಲ. ಜನ ಕೇಳುವುದೂ ಒಂದೇ ತರಹ. ರಸ್ತೆ ಯಾವಾಗ ಮಾಡಿಸ್ತೀರಿ, ನೀರು ದಿನ ಬಿಟ್ಟು ದಿನ ಯಾಕೆ, ಚರಂಡಿ ಕಥೆ ಏನಾಯ್ತು? ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಪೊಲೀಸರು ಯಾರನ್ನು ಎಷ್ಟು ದಿನ ಒಳಗಿಡಬಹುದು, ಊರಲ್ಲಿ ಮೆರವಣಿಗೆ ಮಾಡಬಹುದಾ, ಇಂಟರ್‌ನೆಟ್ ನಿಲ್ಲಿಸೋ ಅಧಿಕಾರ ಯಾರಿಗೆ ಎಂಬ ಕಾನೂನುಗಳಿಗೆ ಕೈ ಎತ್ತುವವರೂ ಇವರೇ. ಅದನ್ನು ಕೇಳುವವರು ಕಡಿಮೆ. 'ಅದೆಲ್ಲ ಬೆಂಗಳೂರು, ದಿಲ್ಲಿಯವರ ವಿಷಯ, ನಮಗ್ಯಾಕೆ' ಎನ್ನುವವರೇ ಹೆಚ್ಚು.

ನಮಗ್ಯಾಕೆ ಅನ್ನುವವರು ಮೊದಲು ಗೂಂಡಾ ಕಾಯ್ದೆ ನೋಡಬೇಕು. ಇದು 1985ರ ರಾಜ್ಯ ಕಾಯ್ದೆ. ಕಳ್ಳಭಟ್ಟಿ, ಜೂಜು, ರೌಡಿಸಂ ಮಾಡುವವರನ್ನು ಮುಂಜಾಗ್ರತೆಯಾಗಿ ಬಂಧಿಸಿಡಲು ತಂದದ್ದು. ಮುಂಜಾಗ್ರತೆ ಅಂದರೆ ಮಾಡಿದ ತಪ್ಪಿಗೆ ಶಿಕ್ಷೆ ಅಲ್ಲ, ಮುಂದೆ ಮಾಡಬಹುದು ಎಂಬ ಕಾರಣಕ್ಕೆ ಜೈಲು. ವಿಚಾರಣೆಯೇ ಇಲ್ಲದೆ 12 ತಿಂಗಳವರೆಗೆ ಇಡಬಹುದು. ಸಲಹಾ ಮಂಡಳಿ ಪರಿಶೀಲಿಸುತ್ತದೆ ನಿಜ, ಆದರೆ ಅದರ ಮುಂದೆ ವಕೀಲರನ್ನು ಇಟ್ಟುಕೊಂಡು ವಾದಿಸುವ ಹಕ್ಕು ಬಂಧಿತನಿಗೆ ಇಲ್ಲ.

2014ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಆಯ್ತು. ಆ್ಯಸಿಡ್ ದಾಳಿಕೋರರು, ಲೈಂಗಿಕ ಅಪರಾಧಿಗಳ ಜೊತೆಗೆ 'ಡಿಜಿಟಲ್ ಅಪರಾಧಿ' ಹಾಗೂ ವಿಡಿಯೊ, ಆಡಿಯೊ ಪೈರಸಿ ಮಾಡುವವರೂ ಪಟ್ಟಿಗೆ ಸೇರಿದರು. ವ್ಯಾಪಾರಕ್ಕಾಗಿ ಗೊತ್ತಿದ್ದೇ ಕಾಪಿರೈಟ್ ಮುರಿದವರು ಡಿಜಿಟಲ್ ಅಪರಾಧಿಯ ವ್ಯಾಖ್ಯೆಯೊಳಗೆ ಬರುತ್ತಾರೆ. ಬಸ್ ಸ್ಟ್ಯಾಂಡ್ ಪಕ್ಕ ಮೆಮೊರಿ ಕಾರ್ಡ್‌ಗೆ ಸಿನಿಮಾ ಹಾಡು ತುಂಬಿಸಿಕೊಡುತ್ತಿದ್ದ ಮೊಬೈಲ್ ಅಂಗಡಿಯವರನ್ನು ನೆನಪು ಮಾಡಿಕೊಳ್ಳಿ. ಹಾಡು ಕದ್ದು ಮಾರುವುದು ತಪ್ಪೇ. ಅದಕ್ಕೆ ಕಾಪಿರೈಟ್ ಕಾಯ್ದೆ ಇದೆ, ಕೋರ್ಟ್ ಇದೆ. ಬಂಧನಕ್ಕೆ ಮೊದಲು ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆ ಎಂದು ಅಧಿಕಾರಿಗೆ ಅನ್ನಿಸಬೇಕು ಎಂಬ ಷರತ್ತೂ ಇದೆ. ಆದರೂ ಆ್ಯಸಿಡ್ ಎರಚಿದವನಿಗೂ ಹಾಡು ತುಂಬಿಸಿದವನಿಗೂ ಒಂದೇ ಕಾಯ್ದೆ ಯಾಕೆ ಎಂದು ನಿಮ್ಮ ಅಭ್ಯರ್ಥಿಯನ್ನು ಕೇಳಬಹುದಲ್ಲ?

ಇನ್ನು ಎಲ್ಲರ ಬಾಯಲ್ಲಿರುವ 144. ಹೊಸ ಕಾನೂನಿನಲ್ಲಿ, ಅಂದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ, ಅದು ಸೆಕ್ಷನ್ 163. ತಾಲ್ಲೂಕು ದಂಡಾಧಿಕಾರಿಯಾಗಿ ತಹಶೀಲ್ದಾರರೇ ಇಂಥ ನಿಷೇಧಾಜ್ಞೆ ಹೊರಡಿಸುತ್ತಾರೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಪ್ರತಿಭಟನೆ ನಡೆದಾಗ ಬೆಂಗಳೂರಲ್ಲಿ ಮೂರು ದಿನ 144 ಹಾಕಿದ್ದರು. ಟೌನ್‌ಹಾಲ್ ಎದುರು ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ಆ ಆದೇಶ ಕಾನೂನುಬದ್ಧವಲ್ಲ ಎಂದು ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಹೇಳಿತು. ಆಗ ಮೂರು ದಿನ ಮುಗಿದು ಹೆಚ್ಚುಕಡಿಮೆ ಎರಡು ತಿಂಗಳಾಗಿತ್ತು. ಕೋರ್ಟ್ ಇದೆ ಅಂತ ಸುಮ್ಮನಿರುವವರು ಈ ಲೆಕ್ಕವನ್ನು ಗಮನಿಸಬೇಕು.

ಅದೇ ಡಿಸೆಂಬರ್‌ನಲ್ಲಿ ಮಂಗಳೂರಲ್ಲಿ ಮೊಬೈಲ್ ಇಂಟರ್‌ನೆಟ್ ಬಂದ್ ಆಯ್ತು. ಇಂದು ಹತ್ತು ರೂಪಾಯಿ ಕೊತ್ತಂಬರಿ ಸೊಪ್ಪಿಗೂ ಫೋನ್‌ಪೇ. ಒಂದು ದಿನ ನೆಟ್ ಹೋದರೆ ಗಲ್ಲಾಪೆಟ್ಟಿಗೆಯೇ ಖಾಲಿ. ಇಂಟರ್‌ನೆಟ್ ಮೂಲಕ ನಡೆಸುವ ವ್ಯಾಪಾರಕ್ಕೂ ಸಂವಿಧಾನದ ರಕ್ಷಣೆ ಇದೆ, ಬಂದ್ ಮಾಡುವ ಆದೇಶವನ್ನು ಸರ್ಕಾರ ಪ್ರಕಟಿಸಲೇಬೇಕು ಎಂದು 2020ರ ಜನವರಿಯಲ್ಲಿ, ಕಾಶ್ಮೀರದ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾಜ್ಯದಲ್ಲಿ ಈ ಅಧಿಕಾರ ಇರುವುದು ಗೃಹ ಇಲಾಖೆ ಕಾರ್ಯದರ್ಶಿಗೆ. ಶಾಸಕರಿಗೆ ನಿಲ್ಲಿಸಲು ಆಗಲ್ಲ. ಆದೇಶ ಎಲ್ಲಿ, ಕಾರಣ ಏನು ಎಂದು ಸದನದಲ್ಲಿ ಕೇಳಲಂತೂ ಆಗುತ್ತದೆ.

ಪಕ್ಷ ನೋಡಿ ಅಳೆಯಲು ಆಗಲ್ಲ

ಈ ವಿಷಯದಲ್ಲಿ ಪಕ್ಷದ ಬಾವುಟ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. 1975ರ ತುರ್ತು ಪರಿಸ್ಥಿತಿ ತಂದದ್ದು ಕಾಂಗ್ರೆಸ್ ಸರ್ಕಾರ. ವಾಜಪೇಯಿ, ಅಡ್ವಾಣಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದರು. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ಅಂದು ಜೈಲಿಗೆ ಹೋದವರ ಪಕ್ಷವೇ ಮುಂದೆ ಅಧಿಕಾರಕ್ಕೆ ಬಂದು, 2019ರಲ್ಲಿ ಯುಎಪಿಎ ಕಾಯ್ದೆಯನ್ನು ಇನ್ನಷ್ಟು ಬಿಗಿ ಮಾಡಿತು. ಒಬ್ಬ ವ್ಯಕ್ತಿಯನ್ನೇ ಭಯೋತ್ಪಾದಕ ಎಂದು ಸರ್ಕಾರ ಘೋಷಿಸಬಹುದು ಎಂಬ ತಿದ್ದುಪಡಿ ಅದು. ರಾಜ್ಯಸಭೆಯಲ್ಲಿ ಕಾಂಗ್ರೆಸ್ ಕೂಡ ಅದರ ಪರ ಮತ ಹಾಕಿತು. ಫೇಸ್‌ಬುಕ್‌ನಲ್ಲಿ ಬರೆದವರನ್ನು ಜೈಲಿಗೆ ಕಳಿಸುತ್ತಿದ್ದ 66ಎ ಕಥೆಯೂ ಅಷ್ಟೇ. 2008ರಲ್ಲಿ ತಂದದ್ದು ಯುಪಿಎ, ಕೋರ್ಟ್‌ನಲ್ಲಿ ಸಮರ್ಥಿಸಿಕೊಂಡದ್ದು ಎನ್‌ಡಿಎ, 2015ರಲ್ಲಿ ರದ್ದು ಮಾಡಿದ್ದು ಸುಪ್ರೀಂ ಕೋರ್ಟ್.

ನಮ್ಮ ವಿಧಾನಸಭೆಯದ್ದೇ ಉದಾಹರಣೆ ಬೇಕೆಂದರೆ 2017ರ ಜೂನ್. ಶಾಸಕರ ಬಗ್ಗೆ ಬರೆದದ್ದಕ್ಕೆ 'ಹಾಯ್ ಬೆಂಗಳೂರ್' ಸಂಪಾದಕ ರವಿ ಬೆಳಗೆರೆ ಹಾಗೂ 'ಯಲಹಂಕ ವಾಯ್ಸ್' ಎಂಬ ಸ್ಥಳೀಯ ಪತ್ರಿಕೆಯ ಸಂಪಾದಕರಿಗೆ ಹಕ್ಕುಚ್ಯುತಿ ಹೆಸರಲ್ಲಿ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಎಂದು ಸದನ ತೀರ್ಮಾನಿಸಿತು. ದೂರು ಕೊಟ್ಟವರಲ್ಲಿ ಕಾಂಗ್ರೆಸ್ಸಿನವರೂ ಇದ್ದರು, ಬಿಜೆಪಿಯವರೂ ಇದ್ದರು. ಬರಹ ಸರಿಯೋ ತಪ್ಪೋ, ಮಾನನಷ್ಟ ಕೇಸು ಹಾಕುವ ದಾರಿ ಇತ್ತು. ಅದು ಬಿಟ್ಟು ದೂರುದಾರರ ಮನೆಯೇ ನ್ಯಾಯಾಲಯ ಆಯ್ತು.

ಹಾಗಾಗಿ ಅಭ್ಯರ್ಥಿಯನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ನಿಮ್ಮದೇ ಸರ್ಕಾರ ಇದ್ದಾಗ, ನಿಮ್ಮವನಲ್ಲದ ಒಬ್ಬನಿಗೆ ಅನ್ಯಾಯ ಆದಾಗ ನೀವು ಬಾಯಿ ಬಿಟ್ಟಿದ್ದು ಯಾವಾಗ? ವಿರೋಧ ಪಕ್ಷದಲ್ಲಿದ್ದಾಗ ಎಲ್ಲರೂ ಸ್ವಾತಂತ್ರ್ಯ ಪ್ರೇಮಿಗಳೇ.

ಸ್ಟೇಷನ್‌ಗೆ ಫೋನ್ ಮಾಡುವವರು

'ನಮ್ಮ ಎಮ್ಮೆಲ್ಲೆ ಒಂದು ಫೋನ್ ಮಾಡಿದ್ರೆ ಸ್ಟೇಷನ್‌ನಿಂದ ಹುಡುಗನ್ನ ಬಿಡ್ತಾರೆ' ಎಂಬ ಹೊಗಳಿಕೆ ಎಲ್ಲ ತಾಲ್ಲೂಕಿನಲ್ಲೂ ಇದೆ. ಕಷ್ಟಕ್ಕೆ ಆದವರು ಎಂಬ ಕೃತಜ್ಞತೆ ಸಹಜವೇ. ಆದರೆ ಬಿಡಿಸುವ ಫೋನೇ ಇನ್ನೊಬ್ಬನನ್ನು ಒಳಗೆ ಹಾಕಿಸುವ ಫೋನೂ ಆಗಬಹುದು. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನ. ಮನೆಯವರಿಗೆ ತಿಳಿಸಬೇಕು ಎಂದು 1996ರ ಡಿ.ಕೆ. ಬಸು ತೀರ್ಪು ಹೇಳಿದೆ. ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ, ಬಂಧನ ಬೇಕೇಬೇಕು ಎನ್ನುವ ಕಾರಣ ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಯಬೇಕು. ಇಷ್ಟು ಸರಿಯಾಗಿ ನಡೆದರೆ ಹುಡುಗನನ್ನು ಬಿಡಿಸಲು ಯಾರ ಫೋನೂ ಬೇಕಾಗಲ್ಲ. ಠಾಣೆಯಲ್ಲಿ ಇದು ನಡೆಯುವಂತೆ ನೋಡಿಕೊಳ್ತೀರಾ ಎಂದು ಕೇಳಿದಾಗ 'ಕಾನೂನು ತನ್ನ ಕೆಲಸ ತಾನು ಮಾಡುತ್ತೆ' ಎಂಬ ಉತ್ತರ ಬಂದರೆ, ಅದು ಉತ್ತರವೇ ಅಲ್ಲ.

ಪುರಸಭೆ ಅಭ್ಯರ್ಥಿಯಾದರೆ ಪ್ರಶ್ನೆ ಇನ್ನೂ ಸುಲಭ. ಬೀದಿ ಬದಿ ವ್ಯಾಪಾರಿಗಳನ್ನು ಎಬ್ಬಿಸುವ ಮುನ್ನ 30 ದಿನದ ನೋಟಿಸ್ ಕೊಡಬೇಕು ಎನ್ನುತ್ತದೆ 2014ರ ಕಾಯ್ದೆ. ಕೊಡಿಸ್ತೀರಾ?

ಅಭ್ಯರ್ಥಿ ಮೇಲಿನ ಕೇಸುಗಳು ಫಾರ್ಮ್ 26 ಅಫಿಡವಿಟ್‌ನಲ್ಲಿ ಇರುತ್ತವೆ. ಎಷ್ಟು ಕೇಸು ಅಂತ ಎಣಿಸಿದರೆ ಸಾಲದು, ಸೆಕ್ಷನ್ ಓದಬೇಕು. ಹಳೆ ಐಪಿಸಿ 143, 188 ಮಾತ್ರ ಇದ್ದರೆ ಅದು ಧರಣಿ, ಮೆರವಣಿಗೆ ಮಾಡಿದ ಕೇಸು ಇರಬಹುದು. 307 ಕೊಲೆ ಯತ್ನ, 354 ಮಹಿಳೆಯ ಮೇಲಿನ ದೌರ್ಜನ್ಯ. ಅವು ಬೇರೆಯೇ ಮಾತು. ಅಫಿಡವಿಟ್ ಪ್ರತಿ ಚುನಾವಣಾ ಆಯೋಗದ 'ನೋ ಯುವರ್ ಕ್ಯಾಂಡಿಡೇಟ್' ಆ್ಯಪ್‌ನಲ್ಲಿ ಸಿಗುತ್ತದೆ. ಮೊಬೈಲ್ ನೋಡಲು ಬಾರದವರಿಗೆ ಚುನಾವಣಾಧಿಕಾರಿ ಕಚೇರಿಯ ನೋಟಿಸ್ ಬೋರ್ಡ್‌ನಲ್ಲೂ ಅಂಟಿಸಿರುತ್ತಾರೆ.