ಮಾಡು, ತಾರಸಿ ಮತ್ತು ಸೆಕೆ

ಪುಂಜಾಲಕಟ್ಟೆಯಿಂದ ಬಂಟ್ವಾಳದ ಕಡೆಗಾಗಲಿ ಬೆಳ್ತಂಗಡಿಯ ಕಡೆಗಾಗಲಿ ಪ್ರಯಾಣ ಮಾಡುವವರು ರಸ್ತೆಯ ಮಗ್ಗುಲಿನ ಮನೆಗಳನ್ನು ಗಮನವಿಟ್ಟು ನೋಡಿದರೆ ಒಂದು ವಿಚಿತ್ರವನ್ನು ಕಾಣುವರು. ಹಂಚಿನ ಮಾಡನ್ನು ಇಳಿಸಿ ಸಿಮೆಂಟು ತಾರಸಿ ಹಾಕಿಸಿದವರಲ್ಲಿ ಅನೇಕರು, ಕೆಲವು ವರ್ಷಗಳಲ್ಲಿಯೇ ಆ ತಾರಸಿಯ ಮೇಲೆ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ ತಗಡಿನ ಇನ್ನೊಂದು ಮಾಡನ್ನು ಹೊದಿಸಿರುತ್ತಾರೆ. ಕಾರಣ ಕೇಳಿದರೆ, ಮಳೆಗಾಲದಲ್ಲಿ ಸೋರದಿರಲೆಂದೋ, ಅಡಿಕೆಯನ್ನೂ ಕಟ್ಟಿಗೆಯನ್ನೂ ಇಡಲು ಅನುಕೂಲವೆಂದೋ ಹೇಳುವರು. ಕೆಳಗೆ ಮಲಗಲು ಸಾಧ್ಯವಾಗದಷ್ಟು ಸೆಕೆ ಎಂಬ ಉತ್ತರವೂ ಅಪರೂಪವಲ್ಲ. ಒಂದು ಮನೆಗೆ ಎರಡು ಮಾಡು! ಎರಡಕ್ಕೂ ಹಣ ತೆರಬೇಕು. ಸಾಲವಾದರೆ ಬಡ್ಡಿಯನ್ನೂ ತೆರಬೇಕು. ಮೊದಲ ಮಾಡು ಏತಕ್ಕಾಗಿ ಸೋತಿತೆಂಬುದು ಭೌತಶಾಸ್ತ್ರದ ಪ್ರಶ್ನೆ.

ನಡು ಹಗಲಿನ ನಿರಭ್ರ ಆಕಾಶದ ಕೆಳಗೆ ಪ್ರತಿ ಚದರ ಮೀಟರಿನ ಮೇಲೆ ಸುಮಾರು 1000 ವ್ಯಾಟ್‌ನಷ್ಟು ಸೌರಶಕ್ತಿ ಬೀಳುತ್ತದೆ. ಬೇಸಗೆಯಲ್ಲಿ ಸೂರ್ಯನು ನಮ್ಮ ನೆತ್ತಿಯ ಮೇಲೆಯೇ ಇರುವುದರಿಂದ ಗೋಡೆಗಳಿಗಿಂತ ಹೆಚ್ಚಾಗಿ ಮಾಡೇ ಅದನ್ನು ಹೀರುತ್ತದೆ. ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ತಾರಸಿ ಚದರ ಮೀಟರಿಗೆ ಸುಮಾರು 240 ಕಿಲೋಗ್ರಾಂ ತೂಗುತ್ತದೆ. ಅದರ ವಿಶಿಷ್ಟೋಷ್ಣವನ್ನು ಗಮನಿಸಿ ಲೆಕ್ಕ ಹಾಕಿದರೆ, 12 ಚದರ ಮೀಟರಿನ ಒಂದು ಕೋಣೆಯ ತಾರಸಿ 10 ಡಿಗ್ರಿ ತಣಿಯಬೇಕಾದರೆ ಏಳು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಹೊರಬಿಡಬೇಕು. ಈ ಶಾಖವೆಲ್ಲವೂ ಆಕಾಶಕ್ಕೆ ಹೋಗುವುದಿಲ್ಲ. ಒಂದು ಪಾಲು ಕೆಳಗಿಳಿಯುತ್ತದೆ, ಅದೂ ನಾವು ಮಲಗುವ ಹೊತ್ತಿಗೆ.

ಇಳಿಯುವ ಬಗೆ ಮುಖ್ಯವಾಗಿ ವಿಕಿರಣ. ತಾರಸಿಯ ಒಳಮೈ 30 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ, ಅದರ ಪ್ರತಿ ಚದರ ಮೀಟರು ಸೂಸುವ ವಿಕಿರಣ ಸುಮಾರು 60 ವ್ಯಾಟ್‌ಗಳಷ್ಟು ಹೆಚ್ಚುತ್ತದೆ. ಸುಮ್ಮನೆ ಕುಳಿತ ಮನುಷ್ಯನ ದೇಹ ಉತ್ಪಾದಿಸುವ ಶಾಖವೇ ಸುಮಾರು 100 ವ್ಯಾಟ್ ಎಂಬುದನ್ನು ನೆನೆದರೆ ಇದು ಅಲ್ಪವಲ್ಲವೆಂದು ತಿಳಿಯುವುದು. ಕೋಣೆಯ ಗಾಳಿಯ ಉಷ್ಣತೆಯನ್ನು ತೋರಿಸುವ ಸಾಧಾರಣ ಉಷ್ಣಮಾಪಕ ಈ ಹಿಂಸೆಯನ್ನು ಬಹುಮಟ್ಟಿಗೆ ಮರೆಮಾಚುತ್ತದೆ.

ಕಟ್ಟಡವೊಂದು ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಿದೆಯೆಂಬುದನ್ನು ಹೀಗೆ ಅಳೆದು ನೋಡುವ ಅಭ್ಯಾಸ ನಮ್ಮ ನಾಡಿಗೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ನೂರಕ್ಕೆ 6 ಪಾಲು ಸಿಮೆಂಟಿರುವ ಇಂತಹ ಇಟ್ಟಿಗೆಗೆ ಸುಟ್ಟ ಇಟ್ಟಿಗೆಯ ನಾಲ್ಕನೆಯ ಒಂದಂಶದಷ್ಟು ಶಕ್ತಿ ಸಾಕೆಂದು ಅವರಿಬ್ಬರು 2003ರಲ್ಲಿ ಪ್ರಕಟಿಸಿದ ಲೆಕ್ಕ ತೋರಿಸುತ್ತದೆ. ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥರ ಬಯೋಮ್ ಸಂಸ್ಥೆ ಬೆಂಗಳೂರಿನಲ್ಲಿ ನಿವೇಶನದ ಮಣ್ಣನ್ನೇ ಅಗೆದು ಇಟ್ಟಿಗೆ ಮಾಡಿ ಮನೆಗಳನ್ನು ಕಟ್ಟಿಸಿದೆ.

ತಾರಸಿಯಲ್ಲಿಯೂ ಉಪಾಯವುಂಟು. ಭಾರದಿಂದ ತಾರಸಿ ಬಾಗಿದಾಗ ಮೇಲ್ಭಾಗ ಒತ್ತಡಕ್ಕೂ ಕೆಳಭಾಗ ಎಳೆತಕ್ಕೂ ಗುರಿಯಾಗುತ್ತದೆ. ಎಳೆತವನ್ನು ತಾಳುವುದು ಉಕ್ಕಿನ ಸರಳೇ ಹೊರತು ಕಾಂಕ್ರೀಟಲ್ಲ. ಆದಕಾರಣ ಸರಳುಗಳ ನಡುವಿನ ನಿರುಪಯುಕ್ತ ಕಾಂಕ್ರೀಟಿನ ಜಾಗದಲ್ಲಿ ಹಂಚುಗಳನ್ನು ಇಡಬಹುದು. ಕೇರಳದಲ್ಲಿ ಲಾರಿ ಬೇಕರ್ ಇದನ್ನು ಬಳಕೆಗೆ ತಂದರು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನ ನೇತ್ರಾವತಿ ದಂಡೆಯಲ್ಲಿ ಸುಡಲಾರಂಭಿಸಿದ ಮಂಗಳೂರು ಹಂಚು ಈಗ ಬೆಂಗಳೂರಿನ ತಾರಸಿಗಳ ಹೊಟ್ಟೆಯಲ್ಲಿ ಕುಳಿತಿದೆ. ಅದು ಹುಟ್ಟಿದ ಊರಿನವರೋ ಅದನ್ನು ಮಾಡಿನಿಂದ ಇಳಿಸುತ್ತಿದ್ದಾರೆ.

ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಕಟ್ಟಡ ಇನ್ನೂ ಸ್ವಾರಸ್ಯವಾದುದು. ಅದನ್ನು ರೂಪಿಸಿದವರು ಸಂಜಯ ಮೋಹೆ. ನಿವೇಶನದ ದಕ್ಷಿಣಕ್ಕೆ ದುರ್ವಾಸನೆಯ ಚರಂಡಿಯಿದ್ದುದರಿಂದ ಆ ಕಡೆ ಕಿಟಕಿ ಇಡುವಂತಿರಲಿಲ್ಲ. ಅವರು ಅಲ್ಲಿ ಕರಿಯ ಕಡಪಾ ಕಲ್ಲಿನ ಹೊದಿಕೆಯುಳ್ಳ, ನಡುವೆ ಗಾಳಿಯ ಸಂದಿರುವ ಜೋಡಿ ಗೋಡೆಯನ್ನೆಬ್ಬಿಸಿದರು. ಬಿಸಿಲಿಗೆ ಕಲ್ಲು ಕಾದು ಸಂದಿನ ಗಾಳಿ ಹಗುರಾಗಿ ಮೇಲೇರುತ್ತದೆ. ಅದರ ಸ್ಥಾನಕ್ಕೆ ಉತ್ತರದ ಕಡೆಯ ತಂಪುಗಾಳಿ ಕೋಣೆಗಳನ್ನು ಹಾದು ಬರುತ್ತದೆ. ಹತ್ತು ಮೀಟರ್ ಎತ್ತರದ ಇಂತಹ ಸಂದಿನಲ್ಲಿ ಗಾಳಿ ಹೊರಗಿಗಿಂತ 10 ಡಿಗ್ರಿ ಬಿಸಿಯಾದರೆ ಉಂಟಾಗುವ ಒತ್ತಡದ ಅಂತರ ವಾಯುಭಾರದ ಸುಮಾರು ಇಪ್ಪತ್ತೈದು ಸಾವಿರದ ಒಂದು ಪಾಲು ಮಾತ್ರ. ಅಷ್ಟೇ ಸಾಕು, ಗಾಳಿ ಚಲಿಸುತ್ತದೆ.

ಹಾಗಾದರೆ ಇವನ್ನೆಲ್ಲ ಪುಂಜಾಲಕಟ್ಟೆಗೆ ತಂದರಾಯಿತಲ್ಲವೆ? ಇಲ್ಲಿ ಎಚ್ಚರ ಬೇಕು. ಏಪ್ರಿಲಿನಲ್ಲಿ ಬೆಂಗಳೂರಿನ ಹಗಲು ರಾತ್ರಿಗಳ ಉಷ್ಣತೆಗೆ ಸುಮಾರು 12 ಡಿಗ್ರಿ ಅಂತರವಿದ್ದರೆ ಮಂಗಳೂರಿನಲ್ಲಿ ಅದು ಸುಮಾರು 8. ದಪ್ಪ ಗೋಡೆ ಹಗಲಿನ ಶಾಖವನ್ನು ಹೀರಿಟ್ಟು ರಾತ್ರಿ ಚೆಲ್ಲಬೇಕಾದರೆ ರಾತ್ರಿ ತಂಪಾಗಿರಬೇಕು. ಕರಾವಳಿಯಲ್ಲಿ ಆ ಲಾಭ ಕಡಮೆ. ಇಲ್ಲಿಯ ನಿಜವಾದ ಶತ್ರು ತೇವ. ದೇಹದ 100 ವ್ಯಾಟ್ ಶಾಖವನ್ನು ಬೆವರೊಂದೇ ಒಯ್ಯಬೇಕಾದರೆ ಗಂಟೆಗೆ ಸುಮಾರು 150 ಗ್ರಾಂ ಬೆವರು ಆವಿಯಾಗಬೇಕು. ತೇವತುಂಬಿದ ಗಾಳಿ ನಿಂತಲ್ಲೇ ನಿಂತರೆ ಬೆವರು ಆರದೆ ಮೈಮೇಲೆ ಹರಿಯುತ್ತದೆ, ಅಷ್ಟೆ. ಆದುದರಿಂದ ನಮಗೆ ಬೇಕಾದುದು ನೆರಳು ಮತ್ತು ಗಾಳಿಯ ಓಟ.

ಮುರಕಲ್ಲಿನ ಗೋಡೆ, ಇಳಿಜಾರಿನ ಹಂಚು, ಉದ್ದದ ಜಗಲಿ ಇವು ಎರಡನ್ನೂ ಬಹುಮಟ್ಟಿಗೆ ಒದಗಿಸುತ್ತಿದ್ದವು. ಹಂಚು ತೆಳುವಾದುದರಿಂದ ಬೇಗ ಕಾದರೂ ಸೂರ್ಯ ಮುಳುಗಿದೊಡನೆ ತಣಿಯುತ್ತದೆ. ಹಂಚುಗಳ ಸಂದಿನಿಂದ ಬಿಸಿಗಾಳಿ ಹೊರಬೀಳುತ್ತದೆ. ಹಾಗೆಂದು ಹಳೆಯದನ್ನೆಲ್ಲ ಪೂಜಿಸಬೇಕಾಗಿಲ್ಲ. ಮಧ್ಯಾಹ್ನ ಅಟ್ಟ ಹತ್ತಿದವರಿಗೆ ಅಲ್ಲಿಯ ಸೆಕೆ ಗೊತ್ತು. ಮಂಗಗಳ ಕಾಟ, ಗೆದ್ದಲು ಹಿಡಿದ ಪಕ್ಕಾಸು, ವರ್ಷಾವಧಿ ದುರಸ್ತಿ ಇವೂ ಸಣ್ಣ ತೊಂದರೆಗಳಲ್ಲ. ತಾರಸಿಯನ್ನು ಜನ ಬಯಸಿದುದು ಮೌಢ್ಯದಿಂದಲ್ಲ.

ಈಗ ಆ ಎರಡನೆಯ ಮಾಡಿಗೆ ಬರೋಣ. ಅದು ಬಿಸಿಲನ್ನು ತಾನೇ ಹೊತ್ತು ತಾರಸಿಯನ್ನು ನೆರಳಿನಲ್ಲಿಡುತ್ತದೆ. ತಗಡು ಬಲವಾಗಿ ಕಾಯುವುದು ನಿಜ. ಆದರೆ ನಡುವಿನ ಗಾಳಿ ಹರಿದಾಡುತ್ತಿದ್ದರೆ ಶಾಖದ ದೊಡ್ಡ ಪಾಲನ್ನು ಹೊತ್ತುಕೊಂಡು ಹೋಗುತ್ತದೆ. ತಗಡಿನ ಕೆಳಮೈ ಬಣ್ಣ ಬಳಿಯದೆ ಹೊಳಪಾಗಿದ್ದರೆ ಅದು ಕೆಳಕ್ಕೆ ಸೂಸುವ ವಿಕಿರಣವೂ ಕಡಮೆ. ಸುತ್ತಲೂ ಗೋಡೆಯೆಬ್ಬಿಸಿ ಅದನ್ನು ಉಗ್ರಾಣವಾಗಿ ಮುಚ್ಚಿದರೆ ಮಾತ್ರ ಈ ಗುಣ ಕೆಡುತ್ತದೆ. ಬಿಸಿಗಾಳಿ ಅಲ್ಲಿಯೇ ಸೆರೆಯಾಗುತ್ತದೆ. ಮನೆಯ ನಕ್ಷೆ ಬರೆಯುವಾಗಲೇ ಇದನ್ನು ಯೋಚಿಸಿದ್ದರೆ ಕೆಳಗಿನ ತಾರಸಿಯನ್ನು ಹಂಚು ತುಂಬಿದ ಹಗುರ ತಾರಸಿಯನ್ನಾಗಿ ಮಾಡಬಹುದಿತ್ತು, ಗಾಳಿಯ ದಿಕ್ಕಿಗೆ ಕಿಟಕಿಗಳನ್ನು ಎದುರುಬದುರು ಇಡಬಹುದಿತ್ತು.

ಪರೀಕ್ಷಿಸಿ ನೋಡಬಯಸುವ ಓದುಗರಿಗೆ ಹೆಚ್ಚಿನ ಸಲಕರಣೆ ಬೇಡ. ಎರಡು ಉಷ್ಣಮಾಪಕಗಳು, ಕಪ್ಪು ಬಣ್ಣ ಬಳಿದ ಒಂದು ಪಿಂಗ್‌ಪಾಂಗ್ ಚೆಂಡು ಸಾಕು. ಒಂದರ ಬುರುಡೆಯನ್ನು ಚೆಂಡಿನೊಳಗೆ ಸೇರಿಸಿ, ಇನ್ನೊಂದನ್ನು ಬರಿಯ ಗಾಳಿಯಲ್ಲಿ ತೂಗಹಾಕಿ, ಬೀಸಣಿಗೆ ನಿಲ್ಲಿಸಿ, ರಾತ್ರಿ ಎಂಟು ಗಂಟೆಗೆ ಎರಡನ್ನೂ ಓದಬೇಕು. ಚೆಂಡಿನೊಳಗಿನದು ಎಷ್ಟು ಹೆಚ್ಚು ತೋರಿಸುತ್ತದೆಯೋ ಅದು ಸುತ್ತಲಿನ ಮೈಗಳ, ವಿಶೇಷವಾಗಿ ತಾರಸಿಯ ವಿಕಿರಣದ ಸೂಚನೆ. ಹಂಚಿನ ಮನೆ, ಬರಿಯ ತಾರಸಿಯ ಮನೆ, ತಗಡು ಹೊದಿಸಿದ ತಾರಸಿಯ ಮನೆ ಈ ಮೂರರಲ್ಲಿಯೂ ಒಂದೇ ವಾರದಲ್ಲಿ ಇದನ್ನು ಮಾಡಬೇಕು. ಮೋಡ ಕವಿದ ದಿನಗಳನ್ನು ಲೆಕ್ಕದಿಂದ ಬಿಡತಕ್ಕದ್ದು.