ಫೋನ್ ಬದಲಾದಾಗ ಪುಸ್ತಕಗಳ ಪಾಡು

ಇ-ಪುಸ್ತಕವೆಂದು ಕರೆಯುವ ಕಡತಗಳೆಲ್ಲ ಒಂದೇ ಜಾತಿಯವಲ್ಲ. ಗದುಗಿನ ಕುಮಾರವ್ಯಾಸ ಭಾರತವನ್ನೇ ತೆಗೆದುಕೊಂಡರೆ, ಹಳೆಯ ಮುದ್ರಣಗಳ ಸ್ಕ್ಯಾನ್ ಪಿಡಿಎಫ್‌ಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ, ಯೂನಿಕೋಡ್ ಪಠ್ಯ ಕನ್ನಡ ವಿಕಿಸೋರ್ಸ್‌ನಲ್ಲಿದೆ. ಕಳಸಾಪುರದ ಓದುಗರೊಬ್ಬರು ಇವೆರಡನ್ನೂ ಕಂಪ್ಯೂಟರಿನಿಂದ ಫೋನಿಗೆ ಹಾಕಿಕೊಂಡರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಸ್ಕ್ಯಾನ್ ಪ್ರತಿ ಎಂದರೆ ಪುಟದ ಫೋಟೊ. ಅಕ್ಷರ ದೊಡ್ಡದು ಮಾಡಿದರೆ ಸಾಲಿನ ತುದಿ ಪರದೆಯಾಚೆ ಹೋಗುತ್ತದೆ. ಪಠ್ಯದ ಪ್ರತಿಯಲ್ಲಿ ಸಾಲುಗಳು ಪರದೆಯ ಅಗಲಕ್ಕೆ ತಾವೇ ಹೊಂದಿಕೊಳ್ಳುತ್ತವೆ. ಷಟ್ಪದಿಯ ಸಾಲು ನಡುವೆ ಮುರಿಯುವುದು ಬೇರೆ ಮಾತು.

ಹೀಗೆ ಹೊಂದಿಕೊಳ್ಳುವ ಪುಸ್ತಕಗಳಿಗೆ 2007ರಲ್ಲಿ ಬಂದ ಇಪಬ್ ಎಲ್ಲರೂ ಒಪ್ಪಿದ ಮಾದರಿ. ಅದು ಜಿಪ್ ಮಾಡಿಟ್ಟ ವೆಬ್ ಪುಟಗಳ ಕಟ್ಟು. ವಿಕಿಸೋರ್ಸ್‌ನ ಪುಸ್ತಕಗಳನ್ನು ಇಪಬ್ ಆಗಿಯೇ ಇಳಿಸಿಕೊಳ್ಳಬಹುದು. ಅಮೆಜಾನ್‌ನ ಇ-ರೀಡರ್ ಆದ ಕಿಂಡಲ್ ಮಾತ್ರ ಬಹುಕಾಲ ಮೊಬಿ, ಎಜೆಡ್‌ಡಬ್ಲ್ಯು ಎಂಬ ತನ್ನದೇ ಮಾದರಿಗಳಿಗೆ ಅಂಟಿಕೊಂಡಿತ್ತು. 2022ರಿಂದ ‘ಸೆಂಡ್ ಟು ಕಿಂಡಲ್’ ಮೂಲಕ ಕಳಿಸಿದ ಇಪಬ್ ಅನ್ನೂ ಒಪ್ಪಿಕೊಳ್ಳುತ್ತಿದೆ. ಒಂದು ಮಾದರಿಯಿಂದ ಇನ್ನೊಂದಕ್ಕೆ ಉಳಿದ ಮಾರ್ಪಾಟುಗಳಿಗೆ ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ಸಾಕು.

ಕನ್ನಡ ಓದುಗರ ತೊಡಕು ಇದಕ್ಕಿಂತ ಒಳಗಿದೆ. ಗದಗ-ಬೆಟಗೇರಿಯಂಥ ಮುದ್ರಣದ ಊರುಗಳಲ್ಲಿ ಡಿಟಿಪಿ ಕೆಲಸ ವರ್ಷಗಟ್ಟಲೆ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳಲ್ಲಿ ನಡೆದಿದೆ. ಹಳೆಯ ನುಡಿ ಕಡತದಲ್ಲಿ ‘ಕ’ ಎಂಬುದು ಇಂಗ್ಲಿಷಿನ ದೊಡ್ಡ ಪಿ ಮತ್ತು ತಲೆಯ ಮೇಲೆ ಓರೆಗೆರೆ ಹೊತ್ತ ಎ, ಹೀಗೆ ಎರಡು ಚಿಹ್ನೆಗಳಾಗಿ ಕೂತಿರುತ್ತದೆ. ಅವಕ್ಕೆ ‘ಕ’ದ ವೇಷ ಹಾಕುವುದು ಫಾಂಟ್. ಯೂನಿಕೋಡ್‌ನಲ್ಲಾದರೆ ‘ಕ’ಕ್ಕೆ 3221 ಎಂಬ ಒಂದೇ ಸಂಖ್ಯೆ. ನುಡಿಯಲ್ಲಿ ಕಟ್ಟಿದ ಪಿಡಿಎಫ್ ಅನ್ನು ನೇರವಾಗಿ ಕ್ಯಾಲಿಬರ್‌ಗೆ ಕೊಟ್ಟರೆ ಹೊರಬರುವುದು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಮೂಲ ಡಿಟಿಪಿ ಕಡತ ಸಿಕ್ಕರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ, ಆಮೇಲೆ ಇಪಬ್ ಮಾಡುವುದು ವಾಸಿ. ಯೂನಿಕೋಡ್ ಪಿಡಿಎಫ್‌ನಿಂದ ಪಠ್ಯ ತೆಗೆದರೂ ಒತ್ತಕ್ಷರಗಳು ಜಾಗ ತಪ್ಪುವುದುಂಟು. ಸ್ಕ್ಯಾನ್ ಪ್ರತಿಗೆ ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ಬೇಕು. ಟೆಸರಾಕ್ಟ್, ಗೂಗಲ್ ಡ್ರೈವ್ ಎರಡೂ ಕನ್ನಡ ಓದುತ್ತವೆ, ಕರಡು ತಿದ್ದುವ ಕೆಲಸ ಮಾತ್ರ ಮನುಷ್ಯರಿಗೆ ತಪ್ಪಿದ್ದಲ್ಲ.

ಪಠ್ಯ ಸರಿಯಿದ್ದೂ ಹಳೆಯ ಇ-ರೀಡರ್‌ನಲ್ಲಿ ‘ಸ್ತ್ರೀ’ ಎಂಬುದು ‘ಸ್‌ತ್‌ರೀ’ ಎಂದು ಬಿಡಿಬಿಡಿಯಾಗಿ ಕಂಡರೆ, ದೋಷ ಅಕ್ಷರ ಜೋಡಿಸುವ ತಂತ್ರಾಂಶದ್ದು. ಕಡತವನ್ನು ಎಷ್ಟು ಮಾರ್ಪಡಿಸಿದರೂ ಅದು ಹೋಗದು.

ದುಡ್ಡು ಕೊಟ್ಟು ಕೊಂಡ ಪುಸ್ತಕಗಳ ಕತೆಯೇ ಬೇರೆ. ಮೈಲ್ಯಾಂಗ್‌ನಂಥ ಕನ್ನಡದ ಆ್ಯಪ್‌ಗಳಲ್ಲಿ ಕೊಂಡದ್ದು ಹೊಸ ಫೋನಿನಲ್ಲಿ ಅದೇ ಖಾತೆಯಿಂದ ಲಾಗಿನ್ ಆದರೆ ಸಿಗುತ್ತದೆ. ಓದುವುದು ಮಾತ್ರ ಆ ಆ್ಯಪ್‌ನೊಳಗೇ. ಮೈಕ್ರೊಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದಂಗಡಿ ಮುಚ್ಚಿದಾಗ ಓದುಗರು ಕೊಂಡಿದ್ದ ಪುಸ್ತಕಗಳೂ ಮಾಯವಾದವು, ಹಣವನ್ನೇನೋ ಹಿಂದಿರುಗಿಸಿತು. 2025ರ ಫೆಬ್ರವರಿಯಲ್ಲಿ ಅಮೆಜಾನ್, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ಕಿಂಡಲ್‌ಗೆ ಹಾಕಿಕೊಳ್ಳುವ ಸೌಲಭ್ಯ ನಿಲ್ಲಿಸಿತು. ನಕಲು ತಡೆಯುವ ಬೀಗವಿಲ್ಲದ ಇಪಬ್‌ಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿದ್ದರೆ ಈ ಭಯವಿಲ್ಲ. ಗೆರೆ ಎಳೆದ ಸಾಲು, ಬರೆದ ಟಿಪ್ಪಣಿಗಳು ಸಾಮಾನ್ಯವಾಗಿ ಪುಸ್ತಕದ ಕಡತದೊಳಗಿರದೆ ಆ್ಯಪ್‌ನಲ್ಲಿ ಉಳಿಯುತ್ತವಾದ್ದರಿಂದ, ಅವನ್ನು ಬೇರೆಯಾಗಿ ತೆಗೆದಿಟ್ಟುಕೊಂಡೇ ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಕು.